ಹಿನ್ನೀರಿನಲ್ಲಿ ಗಾಳಿ ನೋಡಿ, ಅಳಿವೆಯಲ್ಲಿ ಹರಿವು ನೋಡಿ: ಕಯಾಕಿನಲ್ಲಿ ಕೂತು ಗಾಳ ಹಾಕುವವರಿಗೆ

ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ನಾನು ಲೆಕ್ಕಪತ್ರ ನೋಡುವ ರೈಟರ್. ಆಲೂರು ಕಡೆಯ ಹೇಮಾವತಿ ಹಿನ್ನೀರು ನಮಗೆ ಹತ್ತಿರ. ಹೆಂಡತಿಯ ತವರು ಮೂಲ್ಕಿ, ಹಾಗಾಗಿ ಶಾಂಭವಿ ನದಿಯ ಅಳಿವೆಯೂ ಪರಿಚಯದ ನೀರೇ. ರಜೆ ಸಿಕ್ಕಾಗ ಎರಡೂ ಕಡೆ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ, ಇಳಿಸುತ್ತೇನೆ. ಅದನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋಗುವುದನ್ನು ನೋಡಿದ ಸುತ್ತಮುತ್ತಲಿನ ಹುಡುಗರು, 'ಅಣ್ಣ, ಯಾವ ರಾಡ್ ತಗೊಳ್ಳೋದು, ಯಾವ ಲ್ಯೂರ್ ಕಚ್ಚುತ್ತೆ' ಅಂತ ಕೇಳುತ್ತಾರೆ. (ಲ್ಯೂರ್ ಅಂದರೆ ಮೀನನ್ನು ಮರುಳು ಮಾಡುವ ನಕಲಿ ಎರೆ.) ಅದನ್ನೂ ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ವಾಪಸ್ ಬರುವ ದಾರಿಯ ಮಾತು ಆಗಲೇಬೇಕು.

ದಡದಲ್ಲಿ ಕೂತವನಿಗೆ ಸುಸ್ತಾದರೆ ಎದ್ದು ಮನೆಗೆ ಹೋಗಬಹುದು. ಕಯಾಕಿನಲ್ಲಿ ಕೂತವನು ಸುಸ್ತಾದ ಮೇಲೂ, ಹೋದಷ್ಟೇ ದೂರ ಹುಟ್ಟು ಹಾಕಬೇಕು. ಎಂಜಿನ್ ಇಲ್ಲ, ನಿಮ್ಮ ಎರಡು ತೋಳೇ ಎಂಜಿನ್. ಆದ್ದರಿಂದ ನೀರಿಗಿಳಿಯುವ ಮುಂಚೆಯೇ ವಾಪಸ್ ಬರುವಾಗ ಯಾವುದು ನಮ್ಮನ್ನು ತಳ್ಳುತ್ತೆ ಅಂತ ತೀರ್ಮಾನ ಆಗಿರಬೇಕು. ಹಿನ್ನೀರಿನಲ್ಲಿ ತಳ್ಳುವುದು ಗಾಳಿ, ಅಳಿವೆಯಲ್ಲಿ ಉಬ್ಬರ ಇಳಿತ. ಈ ಎರಡರ ಲೆಕ್ಕ ಬೇರೆ ಬೇರೆ. ಒಂದನ್ನು ಕಲಿತವನು ಇನ್ನೊಂದೂ ಬರುತ್ತೆ ಅಂದುಕೊಂಡು ಹೋಗಬಾರದು.

ಕಯಾಕ್ ಮತ್ತು ಅದರ ಮೇಲಿನ ಸಾಮಾನು

ಮೀನು ಹಿಡಿಯಲು ಒಳಗೆ ಕಾಲು ತೂರಿಸಿ ಕೂರುವ ಕಯಾಕ್ ಬೇಡ. ಮೇಲೆ ಕೂರುವಂಥದ್ದೇ ಬೇಕು. ಮಗುಚಿದರೆ ಒಳಗೆ ನೀರು ತುಂಬುವುದಿಲ್ಲ, ಮೇಲೆ ಬಿದ್ದ ನೀರು ತಳದ ತೂತುಗಳಿಂದ ತಾನೇ ಇಳಿದುಹೋಗುತ್ತೆ, ನೀರಿನಿಂದಲೇ ಮತ್ತೆ ಹತ್ತಿ ಕೂರಬಹುದು. ಉದ್ದ 10ರಿಂದ 12 ಅಡಿ, ಅಗಲ 32 ಇಂಚಿನ ಆಸುಪಾಸು ಇದ್ದರೆ ಎರಡೂ ನೀರಿಗೆ ಒಗ್ಗುತ್ತೆ. ಇನ್ನೂ ಅಗಲವಾದದ್ದು ಸ್ಥಿರವಾಗಿರುತ್ತೆ ನಿಜ, ಆದರೆ ಎದುರು ಗಾಳಿಯಲ್ಲಿ ತೋಳು ಸೋಲಿಸುತ್ತೆ. ಇಂಥ ಕಯಾಕ್ ಸಾಮಾನ್ಯವಾಗಿ 25ರಿಂದ 35 ಕೆ.ಜಿ. ತೂಗುತ್ತೆ. ಕಾರಿನ ಮೇಲೆ ಒಬ್ಬರೇ ಎತ್ತಿಡಲು ಆಗುತ್ತಾ ಅಂತ ಅಂಗಡಿಯಲ್ಲೇ ಎತ್ತಿ ನೋಡಿ. ಹೊರುವ ಸಾಮರ್ಥ್ಯವನ್ನು ನಿಮ್ಮ ತೂಕದ ಜೊತೆ ಸಾಮಾನು, ನೀರು, ಮೀನು ಎಲ್ಲ ಸೇರಿಸಿ ನೋಡಿ, ಅದರ ಮೇಲೂ ಕಾಲು ಭಾಗ ಉಳಿಯುವಂತಿರಲಿ. ಅಗಲದ ಕಯಾಕಿಗೆ ಹುಟ್ಟು 240 ಸೆಂ.ಮೀ. ಉದ್ದ ಇರಬೇಕು. ಗಿಡ್ಡ ಹುಟ್ಟಾದರೆ ಪ್ರತಿ ಸಲ ಮೈ ವಾಲಿಸಬೇಕಾಗುತ್ತೆ.

ಲೈಫ್ ಜಾಕೆಟ್ ವಿಷಯದಲ್ಲಿ ನಾನು ಯಾರ ಜೊತೆಯೂ ರಾಜಿ ಆಗುವುದಿಲ್ಲ. ನಮ್ಮ ಕಡೆ ಹೊಳೆಯಲ್ಲಿ ಈಜು ಕಲಿತವರು 'ನಂಗೆ ಈಜು ಬರುತ್ತೆ' ಅಂತ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂರುತ್ತಾರೆ. ಪ್ಯಾಂಟು, ಶರ್ಟು, ಶೂ ತೊಟ್ಟು, ಕಾಲಿಗೆ ಗಾಳದ ಲೈನ್ ಸುತ್ತಿಕೊಂಡು ಬಿದ್ದಾಗ ಈಜು ಬೇರೆಯೇ ಆಗಿರುತ್ತೆ. ಜಿಪ್ ಹಾಕಿ, ಬಕಲ್ ಬಿಗಿದು, ಎದೆಯ ಮೇಲೆ ಸೀಟಿ ಕಟ್ಟಿಕೊಂಡೇ ನೀರಿಗಿಳಿಯಿರಿ.

ಸೊಂಟದುದ್ದ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ ಮಗುಚಿ ಕಲಿಯಿರಿ. ಕಯಾಕ್ ಬೋರಲಾದಾಗ ಅದರ ನಡುಭಾಗಕ್ಕೆ ಬಂದು, ತಳದ ಮೇಲಿಂದ ಕೈ ಚಾಚಿ ಆಚೆ ಅಂಚು ಹಿಡಿದು ನಿಮ್ಮ ಕಡೆ ಎಳೆಯಿರಿ, ನೆಟ್ಟಗಾಗುತ್ತೆ. ಆಮೇಲೆ ನೇರ ನಿಂತಂತೆ ಹತ್ತಲು ಹೋದರೆ ಮತ್ತೆ ನಿಮ್ಮ ಮೇಲೇ ಮಗುಚುತ್ತೆ. ಕಾಲನ್ನು ಹಿಂದಕ್ಕೆ ಬಡಿಯುತ್ತ ಮೈಯನ್ನು ನೀರಿನ ಮಟ್ಟಕ್ಕೆ ಮಲಗಿಸಿ, ಎದೆಯನ್ನು ಕಯಾಕಿನ ಮೇಲೆ ಎಳೆದುಕೊಳ್ಳಿ. ಹೊಟ್ಟೆ ಮೇಲೆ ಬಂದ ಮೇಲೆ ಮಗ್ಗುಲು ತಿರುಗಿ ಕೂತು, ಕೊನೆಗೆ ಕಾಲು ಒಳಗೆ ತನ್ನಿ. ಲೈಫ್ ಜಾಕೆಟ್ ತೊಟ್ಟು, ನೆನೆದ ಬಟ್ಟೆಯಲ್ಲಿ, ಯಾರ ಸಹಾಯವೂ ಇಲ್ಲದೆ ಇದು ಸರಾಗವಾಗಿ ಬರುವ ತನಕ ಆಳದ ಕಡೆ ಹೋಗಬೇಡಿ.

ಹುಟ್ಟು, ರಾಡ್, ಇಕ್ಕಳ, ಬಲೆ ಎಲ್ಲಕ್ಕೂ ದಾರ ಕಟ್ಟಿ ಕಯಾಕಿಗೆ ಸೇರಿಸಿ. ಯಾವುದನ್ನೂ ನಿಮ್ಮ ಮೈಗೆ ಕಟ್ಟಿಕೊಳ್ಳಬೇಡಿ. ದಾರ ಕತ್ತರಿಸುವ ಚಾಕು ಮಾತ್ರ ಜಾಕೆಟ್ಟಿನಲ್ಲಿ ಕೈಗೆ ಸಿಗುವಂತಿರಲಿ. ಫೋನು ನೀರು ಹೋಗದ ಚೀಲದಲ್ಲಿ, ಅದೂ ಜಾಕೆಟ್ ಜೇಬಿನಲ್ಲೇ. ಪೆಟ್ಟಿಗೆಯೊಳಗಿನ ಫೋನು ಕಯಾಕಿನ ಜೊತೆ ತೇಲಿಹೋಗುತ್ತೆ.

ಲಂಗರಿಗೆ ಒಂದೂವರೆ ಕೆ.ಜಿ.ಯ ಮಡಚುವ ಕೊಕ್ಕೆ ಸಾಕು. ಅದನ್ನು ಎಂದೂ ಪಕ್ಕದ ಅಂಚಿಗೆ ಕಟ್ಟಬಾರದು, ಮೂತಿಗೋ ಬಾಲಕ್ಕೋ ಕಟ್ಟಬೇಕು. ಹರಿಯುವ ನೀರಿನಲ್ಲಿ ನಡುಮಧ್ಯದ ಹಗ್ಗ ಜಗ್ಗಿದರೆ ಅಂಚು ಮುಳುಗಿ ಕಯಾಕ್ ಕ್ಷಣದಲ್ಲಿ ಮಗುಚುತ್ತೆ. ಹಗ್ಗದ ತುದಿಗೆ ಒಂದು ಬೆಂಡು ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿ. ಅವಸರವಾದರೆ ಲಂಗರು ಅಲ್ಲೇ ಬಿಟ್ಟು ಹೊರಡಬಹುದು, ಬೆಂಡು ನೋಡಿಕೊಂಡು ಆಮೇಲೆ ಬಂದು ಎತ್ತಬಹುದು. ಹೇಮಾವತಿ ಹಿನ್ನೀರಿನ ತಳದಲ್ಲಿ ಮರದ ಬೊಡ್ಡೆ, ಹಳೇ ಗೋಡೆ ಎಲ್ಲ ಇವೆ, ಕೊಕ್ಕೆ ಸಿಕ್ಕಿಕೊಂಡರೆ ಬರುವುದಿಲ್ಲ. ಆಳ ಕಮ್ಮಿ ಇರುವಲ್ಲಿ ನಾನು ಬಿದಿರು ಗಳವನ್ನೇ ಕೆಸರಿಗೆ ನೆಟ್ಟು ಕಯಾಕ್ ಕಟ್ಟುತ್ತೇನೆ. ಸದ್ದೂ ಇಲ್ಲ, ಖರ್ಚೂ ಇಲ್ಲ.

ಹಿನ್ನೀರಿನಲ್ಲಿ

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಮುಗಿದದ್ದು 1979ರಲ್ಲಿ. 37 ಟಿಎಂಸಿಯಷ್ಟು ನೀರು ನಿಲ್ಲುವ ಜಲಾಶಯ ಅದು. ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಪೂರ್ತಿ ಹೊರಬರುವುದನ್ನು ನೋಡಿದ್ದೀರಲ್ಲ, ಆ ಅಂತರವೇ ಕಯಾಕಿನವನಿಗೆ ದೊಡ್ಡ ಪಾಠ. ತುಂಬಿದಾಗ ಇದ್ದ ದಡ ಬೇಸಿಗೆಗೆ ಇರುವುದಿಲ್ಲ, ಅಕ್ಟೋಬರಿನಲ್ಲಿ ಹಾಯಾಗಿ ಸಾಗಿದ ಜಾಗದಲ್ಲಿ ಮಾರ್ಚಿಗೆ ಬೊಡ್ಡೆಗಳು ನೀರಿನ ಒಂದು ಗೇಣು ಕೆಳಗೆ ಕೂತಿರುತ್ತವೆ. ಬೇಸಿಗೆಯಲ್ಲಿ ಒಮ್ಮೆ ಸುಮ್ಮನೆ ನಡೆದುಕೊಂಡು ಹೋಗಿ ಬರಿದಾದ ತಳವನ್ನು ನೋಡಿ ಬನ್ನಿ. ಹಳೇ ಹಳ್ಳದ ಜಾಡು, ಬೊಡ್ಡೆ ಸಾಲು, ಕಲ್ಲುಗೋಡೆ ಎಲ್ಲ ಎಲ್ಲಿವೆ ಅಂತ ಗುರುತು ಹಾಕಿಕೊಳ್ಳಿ. ನೀರು ತುಂಬಿದ ಮೇಲೆ ಮೀನು ನಿಲ್ಲುವುದು ಅಲ್ಲೇ. ನನ್ನ ಮಟ್ಟಿಗೆ ಯಾವ ಮೀನು ಹುಡುಕುವ ಯಂತ್ರವೂ ಆ ಒಂದು ನಡಿಗೆಯಷ್ಟು ಹೇಳಿಕೊಡಲಾರದು.

ಮಾಗಿಯಲ್ಲಿ ಇಲ್ಲಿ ಮೂಡಗಾಳಿ, ಮಳೆಗಾಲದಲ್ಲಿ ಪಡುವಣ ಗಾಳಿ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಬಿಸಿಲೇರುತ್ತಿದ್ದಂತೆ ಅಲೆಯೆದ್ದು ನಿಲ್ಲುತ್ತೆ. ಬಯಲಿನಷ್ಟು ಅಗಲದ ನೀರಿನ ಮೇಲೆ ಗಾಳಿಗೆ ತಡೆ ಇಲ್ಲ, ಆಚೆ ದಡ ತಲುಪುವಷ್ಟರಲ್ಲಿ ಅಲೆ ದೊಡ್ಡದಾಗಿರುತ್ತೆ. ಅದಕ್ಕೆ ನನ್ನ ನಿಯಮ: ತೋಳಿನಲ್ಲಿ ಬಲ ಇರುವಾಗಲೇ ಮೊದಲು ಗಾಳಿಗೆ ಎದುರಾಗಿ ಹುಟ್ಟು ಹಾಕುತ್ತ ಹೋಗಿ, ಅಲ್ಲಿಂದ ಗಾಳಿಯ ಜೊತೆ ತೇಲುತ್ತ ಗಾಳ ಹಾಕಿಕೊಂಡು ಇಳಿದ ಜಾಗಕ್ಕೇ ಬಂದು ಸೇರುವುದು. ಗಾಳಿ ಇಲ್ಲದ ಮುಂಜಾನೆ ಯಾವ ಕಡೆಗೆ ಹೋಗಬೇಕು ಅಂತ ಸಂಶಯ ಬಂದರೆ, ಮಧ್ಯಾಹ್ನದ ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ದಡದ ಊರಿನವರನ್ನು ಕೇಳಿ. ತೆಪ್ಪದವರಿಗೆ ಅದು ಬಾಯಿಪಾಠ.

ತೆಪ್ಪದವರ ವಿಷಯ ಬಂತಲ್ಲ. ಅವರು ಸಂಜೆ ಬಲೆ ಬಿಟ್ಟು ಬೆಳಿಗ್ಗೆ ಎತ್ತುತ್ತಾರೆ. ನೀರಿನ ಮೇಲೆ ಬೆಂಡಿನ ಸಾಲು, ಥರ್ಮೋಕೋಲ್ ತುಂಡು, ಖಾಲಿ ಬಾಟಲಿ ಕಂಡರೆ ಅದರ ಕೆಳಗೆ ಬಲೆ ಇದೆ ಅಂತ ತಿಳಿದು ಸುತ್ತಿ ಹೋಗಿ. ಲ್ಯೂರ್ ಬಲೆಗೆ ಸಿಕ್ಕಿಕೊಂಡರೆ ಲೈನ್ ಕತ್ತರಿಸಿ ಲ್ಯೂರ್ ಬಿಟ್ಟುಬಿಡಿ, ಬಲೆ ಹರಿಯಬೇಡಿ. ಅದು ಅವರ ಅನ್ನ. ಜಲಾಶಯಗಳಲ್ಲಿ, ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಲೈಸೆನ್ಸು, ಟೆಂಡರ್, ಸಹಕಾರ ಸಂಘಗಳ ಮೂಲಕ ಹಂಚಿಕೆಯಾಗಿರುತ್ತೆ. ಹಾಗಾಗಿ ಹೊಸ ನೀರಿಗೆ ಹೋಗುವ ಮುಂಚೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ, ಅನುಮತಿ ಪಡೆದೇ ಇಳಿಯಿರಿ. ಅಣೆಕಟ್ಟಿನ ಗೋಡೆ, ಗೇಟಿನ ಹತ್ತಿರ ಸುಳಿಯಬಾರದು. ಲಕ್ಕವಳ್ಳಿಯ ಭದ್ರಾ ಹಿನ್ನೀರು ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂಟಿಕೊಂಡಿದೆ, ಅಲ್ಲಿಗೆ ಗಾಳ ಒಯ್ಯುವ ಯೋಚನೆಯೇ ಬೇಡ. ಚಿಕ್ಕಮಗಳೂರಿನ ಹಿರೇಕೊಳಲೆ ಕೆರೆ ಪೇಟೆಯವರು ಕುಡಿಯುವ ನೀರು. ರಾಮನಾಥಪುರದ ಕಾವೇರಿಯಲ್ಲಿ, ಶೃಂಗೇರಿಯ ತುಂಗೆಯಲ್ಲಿ ಇರುವ ದೇವರ ಮೀನುಗಳನ್ನು ಮುಟ್ಟುವ ಮಾತೇ ಇಲ್ಲ. ಬೇರೆ ಕಡೆ ಮಹಸೀರ್ ಆಕಸ್ಮಿಕವಾಗಿ ಕಚ್ಚಿದರೂ ನೀರಿನಿಂದ ಎತ್ತದೆ ಕೊಕ್ಕೆ ಬಿಡಿಸಿ ಕಳಿಸಿಬಿಡಿ. ಕಾವೇರಿಯ ಗೂನುಬೆನ್ನಿನ ಮಹಸೀರ್ ಅಳಿವಿನ ಅಂಚಿನಲ್ಲಿದೆ.

ಕೊರಮೀನು ಕಯಾಕಿಗೆ ಹೇಳಿ ಮಾಡಿಸಿದ ಮೀನು. ದಡದಿಂದ ತಲುಪಲಾಗದ ಜೊಂಡು, ಕಳೆ, ಮುಳುಗಿದ ಪೊದೆಯ ಬುಡದಲ್ಲೇ ಅದರ ವಾಸ. ಅದು ಗಾಳಿ ಕುಡಿಯಲು ಆಗಾಗ ಮೇಲೆ ಬರಲೇಬೇಕು, 'ಗುಳುಕ್' ಅಂತ ಸದ್ದಾಗಿ ಗುಳ್ಳೆ ಒಡೆಯುತ್ತೆ. ಆ ಜಾಗ ಗುರುತಿಟ್ಟು, ರಬ್ಬರ್ ಕಪ್ಪೆಯನ್ನು ಅದರಾಚೆ ಎಸೆದು ಕಳೆಯ ಮೇಲೆ ಕುಪ್ಪಳಿಸುತ್ತ ತನ್ನಿ. ಮೀನು ಎರಗಿದ ಕೂಡಲೇ ಜಗ್ಗಬೇಡಿ. ಕಪ್ಪೆ ಪೂರ್ತಿ ಬಾಯಿಗೆ ಹೋಗಿ ಲೈನ್ ಬಿಗಿಯಾಗುವ ತನಕ ಒಂದು ಉಸಿರು ತಡೆದು, ಆಮೇಲೆ ಬಲವಾಗಿ ಎಳೆಯಿರಿ. ಏಳಡಿಯ ಗಟ್ಟಿ ರಾಡ್, 3000 ಸೈಜಿನ ರೀಲ್, 30 ಪೌಂಡ್ ಬ್ರೇಡ್ (ಹೆಣೆದ) ಲೈನ್ ಇದಕ್ಕೆ ಸಾಕು. ಒಂದು ವಿಷಯ ಮಾತ್ರ ಮರೆಯಬೇಡಿ. ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಕುದಿಯುವಂತೆ ಆಡುತ್ತಿದ್ದರೆ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಆಗ ಏನು ಎಸೆದರೂ ಸಿಟ್ಟಿಗೆ ಬಂದು ಕಚ್ಚುತ್ತವೆ, ಹಿಡಿಯುವುದು ಬಹಳ ಸುಲಭ. ದೊಡ್ಡವನ್ನು ಎತ್ತಿದರೆ ಆ ಮರಿಗಳನ್ನು ಬೇರೆ ಮೀನುಗಳು ಮುಗಿಸಿಬಿಡುತ್ತವೆ. ಅಲ್ಲಿಂದ ಕಯಾಕ್ ತಿರುಗಿಸಿ. ಮೊದಲ ಮಳೆಗೆ ಗದ್ದೆ ಬಯಲಿಗೆ ಏರುವ ಹತ್ತುಮೀನನ್ನು ಕತ್ತಿಯಲ್ಲಿ ಕಡಿಯುವವರಿಗೂ ನಾನು ಇದನ್ನೇ ಹೇಳುವುದು. ಅದರ ಹೊಟ್ಟೆಯಲ್ಲಿರುವುದು ಮುಂದಿನ ವರ್ಷಗಳ ಮೀನು.

ಕಾಟ್ಲಾ, ರೋಹು, ಗೆಂಡೆಗೆ ರಾಗಿ ಮುದ್ದೆ ಮತ್ತು ಕಡಲೆಕಾಯಿ ಹಿಂಡಿ ಸಮ ಸೇರಿಸಿ, ಸ್ವಲ್ಪ ಹತ್ತಿ ಎಳೆ ಹಾಕಿ ನಾದಿದ ಉಂಡೆಗಿಂತ ಒಳ್ಳೆಯ ಎರೆ ನಾನು ಕಂಡಿಲ್ಲ. ಹತ್ತಿ ಇದ್ದರೆ ಉಂಡೆ ನೀರಿನಲ್ಲಿ ಬೇಗ ಕರಗಿ ಉದುರುವುದಿಲ್ಲ. ಜಿಲೇಬಿ ಮೀನಿಗೆ (ತಿಲಾಪಿಯಾ) ಎರೆಹುಳು ಸಾಕು. ದೊಡ್ಡ ಕಾಟ್ಲಾ ಸಿಕ್ಕರೆ ಕಯಾಕನ್ನೇ ಎಳೆದುಕೊಂಡು ಹೋಗುತ್ತೆ, ಹೆದರಬೇಡಿ. ರೀಲಿನ ಡ್ರ್ಯಾಗ್ (ಮೀನು ಎಳೆದಾಗ ಲೈನ್ ಹೊರಹೋಗುವುದಕ್ಕಿರುವ ತಡೆ) ಹದವಾಗಿಟ್ಟು, ಮೂತಿಯನ್ನು ಮೀನಿನ ಕಡೆ ತಿರುಗಿಸಿ ಎಳೆಯಲು ಬಿಡಿ. ಕಯಾಕ್ ಎಳೆದು ಮೀನೇ ಸುಸ್ತಾಗುತ್ತೆ. ಹತ್ತಿರ ಬಂದಾಗ ನಿಮ್ಮ ತಲೆ ಕಯಾಕಿನ ಅಂಚು ದಾಟಬಾರದು. ರಾಡನ್ನು ಹಿಂದಕ್ಕೆ ಚಾಚಿ ಮೀನನ್ನು ಮಂಡಿಯ ಪಕ್ಕಕ್ಕೆ ತಂದು, ಗಿಡ್ಡ ಹಿಡಿಯ ರಬ್ಬರ್ ಬಲೆಯಲ್ಲಿ ಎತ್ತಿ. ಬಾಗಿ ಹಿಡಿಯಲು ಹೋಗುವಾಗಲೇ ಜನ ಬೀಳುವುದು.

ಬೇಸಿಗೆಯಲ್ಲಿ ಇಳಿಯುವ ಜಾಗ ಆರಿಸುವುದೂ ಒಂದು ವಿದ್ಯೆ. ಮೇಲೆ ಒಣಗಿ ಬಿರುಕು ಬಿಟ್ಟಿರುವ ಹೂಳು ನೀರಿನ ಹತ್ತಿರ ತೊಡೆಮಟ್ಟ ನುಂಗುತ್ತೆ. ದನ ನೀರಿಗಿಳಿದ ಜಾಡು ಹುಡುಕಿ, ಅಲ್ಲಿ ನೆಲ ಗಟ್ಟಿ ಇರುತ್ತೆ. ಕಾಲು ಹೂತುಕೊಂಡರೆ ಎಳೆದಾಡದೆ ಕಯಾಕಿನ ಮೇಲೆ ಬೋರಲು ಮಲಗಿ ನಿಧಾನಕ್ಕೆ ಕಾಲು ಬಿಡಿಸಿಕೊಳ್ಳಿ.

ಮಾಗಿಯ ಮಂಜಿನಲ್ಲಿ ಆಚೆ ದಡ ಕಾಣುವ ತನಕ ಹೊರಡಬೇಡಿ. ಕಾಫಿ ಹೂ ಅರಳಿಸುವ ಹೂಮಳೆಯ ಕಾಲದಿಂದ ಭರಣಿ, ಕೃತ್ತಿಕೆ ಮಳೆಯ ತನಕ ಮಧ್ಯಾಹ್ನದ ಗುಡುಗು ಇದ್ದದ್ದೇ. ದೂರದಲ್ಲಿ ಗುಡುಗು ಕೇಳಿಸಿದರೂ ಸಾಕು, ರಾಡ್ ಮಲಗಿಸಿ ದಡಕ್ಕೆ ಬನ್ನಿ. ಬಯಲು ನೀರಿನ ಮೇಲೆ ಎಲ್ಲಕ್ಕಿಂತ ಎತ್ತರ ಇರುವುದು ನೀವು ಮತ್ತು ನಿಮ್ಮ ಕೈಯಲ್ಲಿರುವ ಗ್ರಾಫೈಟ್ ರಾಡ್. ಮತ್ತೆ ಆನೆ. ಆಲೂರು, ಸಕಲೇಶಪುರ ಕಡೆ ಹಿನ್ನೀರಿನ ಅಂಚಿಗೆ ಆನೆ ಬರುವುದು, ಈಜಿ ದಾಟುವುದು ಇಲ್ಲಿಯವರಿಗೆ ಗೊತ್ತಿರುವುದೇ. ಅರಣ್ಯ ಇಲಾಖೆಯವರು ಕಳಿಸುವ ಸಂದೇಶ ನೋಡಿಕೊಂಡು, ದಡದ ಮನೆಯವರನ್ನು ಕೇಳಿಕೊಂಡು ಇಳಿಯಿರಿ. ಕತ್ತಲಾಗುವ ಮುಂಚೆ ಕಾರು ರಸ್ತೆಗೆ ಬಂದಿರಬೇಕು.

ಅಳಿವೆಯಲ್ಲಿ

ಶಿರಾಡಿ ಇಳಿದು ಕರಾವಳಿಗೆ ಹೋದ ಮೇಲೆ ಲೆಕ್ಕ ಬದಲಾಗುತ್ತೆ. ಹಿನ್ನೀರಿನ ಅಭ್ಯಾಸದಲ್ಲಿ ನಾನು ಎಲೆ ಅಲುಗಾಡುವುದನ್ನೇ ನೋಡುತ್ತ ನಿಂತಿದ್ದಾಗ ನನ್ನ ಬಾಮೈದ ಹೇಳಿದ್ದು, 'ಭಾವ, ಗಾಳಿ ಮತ್ತೆ ನೋಡುವ, ಮೊದಲು ನೀರು ಎತ್ತ ಹೋಗ್ತದೆ ನೋಡಿ.' ಅಳಿವೆಯ ವಿದ್ಯೆಯೆಲ್ಲ ಆ ಒಂದು ಮಾತಿನಲ್ಲಿದೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಏರಿಳಿತ ಹೆಚ್ಚು, ಹರಿವೂ ಜೋರು. ಅಷ್ಟಮಿಯ ಆಸುಪಾಸು ಹರಿವು ಸೌಮ್ಯ, ಹೊಸಬರು ಆ ದಿನಗಳನ್ನೇ ಆರಿಸಿಕೊಳ್ಳಿ. ಮಂಗಳೂರಿನ ಉಬ್ಬರದ ಪಟ್ಟಿ ಫೋನಿನಲ್ಲೇ ಸಿಗುತ್ತೆ. ಉಬ್ಬರ ತುದಿ ಮುಟ್ಟಲು ಎರಡು ಗಂಟೆ ಇರುವಾಗ ಇಳಿದರೆ, ಏರುವ ನೀರು ನಿಮ್ಮನ್ನು ನದಿಯ ಮೇಲಕ್ಕೆ ಒಯ್ಯುತ್ತೆ. ನೀರು ನಿಂತ ಸ್ವಲ್ಪ ಹೊತ್ತು ಗಾಳ ಹಾಕಿ. ಇಳಿತ ಶುರುವಾದ ಮೇಲೆ ಅದೇ ನೀರು ವಾಪಸ್ ತರುತ್ತೆ. ಹೋಗುವಾಗಲೂ ಬರುವಾಗಲೂ ಹರಿವು ನಿಮ್ಮ ಬೆನ್ನ ಹಿಂದೆಯೇ. ಆದರೆ ಇಳಿತ ಜೋರಾಗುವ ಮುಂಚೆ ದಡ ಸೇರಬೇಕು. ಹತ್ತುವ ಜಾಗ ತಪ್ಪಿದರೆ ಅದು ನೇರ ಅಳಿವೆ ಬಾಗಿಲಿಗೆ ಒಯ್ಯುತ್ತೆ. ಶಾಂಭವಿ, ನಂದಿನಿ ಎರಡೂ ಕೂಡಿ ಸಸಿಹಿತ್ಲು ಪಕ್ಕ ಕಡಲು ಸೇರುವ ಜಾಗದಲ್ಲಿ ಹೊರಗೆ ಹೋಗುವ ನೀರಿಗೆ ಒಳಗೆ ಬರುವ ಅಲೆ ಎದುರಾದರೆ ಅಲೆಗಳು ನಿಂತಲ್ಲೇ ಗೋಡೆಯಂತೆ ಏಳುತ್ತವೆ. ಅಲ್ಲಿ ಕಯಾಕಿಗೆ ಕೆಲಸವಿಲ್ಲ.

ಇಳಿತ ಜೋರಾಗುವ ಮುಂಚಿನ ಆ ಸಮಯ ಮೀನಿಗೂ ಒಳ್ಳೆಯ ಹೊತ್ತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕಾಲುವೆಗಳಿಂದ ನೀರು ಖಾಲಿಯಾಗುವಾಗ ಸಿಗಡಿ, ಮರಿಮೀನು ಅದರ ಜೊತೆ ಹೊರಬರುತ್ತವೆ. ಬಾರಮುಂಡಿ, ಕೆಂಬೇರಿಯಂಥ ಬೇಟೆ ಮೀನುಗಳು ಕಾಲುವೆಯ ಬಾಯಲ್ಲಿ ಕಾದಿರುತ್ತವೆ. ಕಯಾಕನ್ನು ಹರಿವಿನಿಂದ ಪಕ್ಕಕ್ಕೆ ನಿಲ್ಲಿಸಿ, ಲ್ಯೂರನ್ನು ಮೇಲ್ಗಡೆ ಎಸೆದು ನೀರಿನ ಜೊತೆಯೇ ಬಾಯಿಯ ಮುಂದೆ ಹಾಯಿಸಿ. ಜೀವಂತ ಸಿಗಡಿ ಸಿಕ್ಕರೆ ಅದಕ್ಕಿಂತ ಬೇರೆ ಬೇಡ. ಕೆಂಬೇರಿ ಕಚ್ಚಿದ ಕ್ಷಣವೇ ಬೇರಿನೊಳಗೆ ನುಗ್ಗುತ್ತೆ, ಡ್ರ್ಯಾಗ್ ಬಿಗಿ ಇರಲಿ. ಬಾರಮುಂಡಿಯ ಕಿವಿರು ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಲೈನಿನ ತುದಿಗೆ 40 ಪೌಂಡಿನ ಲೀಡರ್ (ದಪ್ಪ ದಾರದ ತುಂಡು) ಕಟ್ಟಿ, ಕಿವಿರಿಗೆ ಕೈ ಹಾಕಬೇಡಿ. ಮರಳು ತಳ ಇರುವಲ್ಲಿ ಸಣ್ಣ ಕೊಕ್ಕೆಗೆ ಸಿಗಡಿ ಚೂರು ಸಿಕ್ಕಿಸಿ ತಳಕ್ಕೆ ಬಿಟ್ಟರೆ ಕಾಣೆ ಮೀನು ಬರುತ್ತೆ. ಮುಳ್ಳಿರುವ ಶೇಡೆ ಮೀನು, ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು ಸಿಕ್ಕರೆ ಕಯಾಕಿನೊಳಗೆ ತರದೆ ನೀರಿನಲ್ಲೇ ಲೈನ್ ಕತ್ತರಿಸಿ. ಮುಳ್ಳು ಚುಚ್ಚಿದರೆ ಸುಡದಂತೆ, ತಾಳುವಷ್ಟು ಬಿಸಿ ನೀರಿನಲ್ಲಿ ಆ ಭಾಗ ಅದ್ದಿದರೆ ನೋವು ಇಳಿಯುತ್ತೆ. ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಶಿರಾಡಿ ಕಡೆ ಜೋರು ಮಳೆಯಾದರೆ ಕೆಂಪುಹೊಳೆ, ಕುಮಾರಧಾರಾ, ನೇತ್ರಾವತಿ ಮೂಲಕ ಆ ಕೆಂಪು ನೀರು ಮಂಗಳೂರಿನ ಅಳಿವೆಗೇ ಬರುತ್ತೆ. ಸಕಲೇಶಪುರದಲ್ಲಿ ಸುರಿಯುತ್ತಿದ್ದರೆ ಅಲ್ಲಿಗೆ ಹೊರಡಬೇಡಿ.

ತೆರೆದ ಕಡಲಿಗೆ ಹೋಗುವುದಾದರೆ ಅಳಿವೆಯಲ್ಲಿ ಒಂದು ಋತುವಾದರೂ ಪಳಗಿದ ಮೇಲೆ, ಡಿಸೆಂಬರಿನಿಂದ ಫೆಬ್ರವರಿಯ ಶಾಂತ ಬೆಳಗುಗಳಲ್ಲಿ, ಸ್ಥಳೀಯರೊಬ್ಬರ ಜೊತೆ, ಎರಡು ಕಯಾಕಿನಲ್ಲಿ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತೆ. ದಡದ ಹತ್ತಿರ ನೀರು ಶಾಂತವಾಗಿ ಕಾಣುವುದು ಅದಕ್ಕೇ, ನಿಮಗೆ ತಿಳಿಯದ ಹಾಗೆ ಹೊರಗೆ ತಳ್ಳುವುದೂ ಅದೇ. ದಡದ ತೆಂಗಿನ ಮರ, ಮನೆ ಒಂದನ್ನು ಗುರುತಿಟ್ಟುಕೊಂಡು ಆಗಾಗ ತಿರುಗಿ ನೋಡಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆಯ ಮುನ್ಸೂಚನೆ ಓದದೆ ಇಳಿಯಬೇಡಿ. ಬೇಸಿಗೆಯಲ್ಲಿ ಇಲ್ಲಿ ಗಾಳಿಯೇ ಇಲ್ಲದಿದ್ದರೂ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಉಬ್ಬಲೆಗಳು ಬಂದು ಬಡಿಯುವುದುಂಟು, 'ಕಳ್ಳಕ್ಕಡಲ್' ಎಂಬ ಎಚ್ಚರಿಕೆ ಅದಕ್ಕೇ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳಿಗೇ ನಿಷೇಧ, ಆಗಿನ ಕಡಲಿಗೆ ಕಯಾಕ್ ಒಯ್ಯುವ ಮಾತೇ ಇಲ್ಲ. ಅಲೆ ದಾಟಿ ದಡಕ್ಕೆ ಬರುವಾಗ ರಾಡುಗಳನ್ನು ಮಲಗಿಸಿ ಕಟ್ಟಿ, ಕಯಾಕ್ ಅಲೆಗೆ ಅಡ್ಡ ತಿರುಗದಂತೆ ನೋಡಿಕೊಳ್ಳಿ. ಇಳಿಯುವಾಗ ಕಡಲಿನ ಕಡೆಗೇ ಇಳಿಯಿರಿ. ಕಯಾಕ್ ಮತ್ತು ದಡದ ನಡುವೆ ನಿಂತರೆ ಹಿಂದಿನ ಅಲೆ ಅಷ್ಟೂ ತೂಕವನ್ನು ನಿಮ್ಮ ಕಾಲಿಗೆ ಬಡಿಯುತ್ತೆ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಎರಡೂ ಫೋನಿನಲ್ಲಿರಲಿ. ಎಲ್ಲಿ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಹೊರಡಿ.

ವಾಪಸ್ ಬಂದ ಮೇಲೆ

ಘಾಟಿ ಹತ್ತುವ ಮುಂಚೆ ಕಾರಿಗೆ ಕಯಾಕ್ ಕಟ್ಟಿದ ಪಟ್ಟಿ ಮತ್ತೊಮ್ಮೆ ಬಿಗಿಯಿರಿ, ಪಟ್ಟಿಗೆ ಒಂದು ಸುತ್ತು ತಿರುಚಿ ಕಟ್ಟಿದರೆ ಗಾಳಿಗೆ ಗುಂಯ್ ಅನ್ನುವುದಿಲ್ಲ. ಉಪ್ಪು ನೀರಿನ ದಿನ ಎಷ್ಟೇ ದಣಿದಿದ್ದರೂ ತೊಳೆಯದೆ ಮಲಗಬೇಡಿ. ಕಯಾಕಿನ ತೂತು, ಸೀಟಿನ ಬಕಲ್, ಸ್ಕ್ರೂ ಎಲ್ಲಕ್ಕೂ ಸಿಹಿ ನೀರು ಬಿಡಿ. ರೀಲನ್ನು ಡ್ರ್ಯಾಗ್ ಬಿಗಿ ಮಾಡಿ ಮೆಲ್ಲಗೆ ತೊಳೆಯಿರಿ, ರಭಸದ ನೀರು ಉಪ್ಪನ್ನು ಒಳಗೇ ತಳ್ಳುತ್ತೆ. ಒರೆಸಿ ಆರಿಸಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಬಿಡಿ. ಬಳಸಿದ ಲ್ಯೂರುಗಳನ್ನು ಒಣಗಿಸದೆ ಪೆಟ್ಟಿಗೆಗೆ ಹಾಕಿದರೆ ಬಳಸದವುಗಳ ಕೊಕ್ಕೆಯೂ ತುಕ್ಕು ಹಿಡಿಯುತ್ತೆ. ಒಂದು ನೀರಿನ ಕಳೆ, ಕೆಸರು ಇನ್ನೊಂದು ನೀರಿಗೆ ಹೋಗದಂತೆ ತಳವನ್ನೂ ಉಜ್ಜಿ ಒಣಗಿಸಿ. ಒಳಗಿನ ನೀರು ಬಸಿಯುವ ಬಿರಡೆ ತೆಗೆದು, ಕಯಾಕನ್ನು ಬೋರಲು ಹಾಕಿ ನೆರಳಿನಲ್ಲಿಡಿ. ಕಾಫಿ ಕಣದ ಬಿಸಿಲಿಗೆ ಬಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಮುಂದಿನ ಸಲ ನೀರಿಗಿಳಿಸುವ ಮುಂಚೆ ಬಿರಡೆ ಮತ್ತೆ ಹಾಕಿದ್ದೀರಾ ಅಂತ ಕೈಯಿಂದ ಮುಟ್ಟಿ ನೋಡಿ.